ಒಂದು ಘಟನೆ, ಎರಡು ಪುಸ್ತಕ
ಮಕ್ಕಳ ಸಾಹಿತ್ಯದ ಮೂಲಕ ಇತಿಹಾಸ ಬೋಧನೆ

(ಪುಣೆಯಲ್ಲಿ ಸಂಘದ ಮಕ್ಕಳ ಗ್ರಂಥಾಲಯ ಸಮಿತಿಯು ಪಾಲಕರಿಗಾಗಿ ಹಾಗೂ ಕನ್ನಡ ವರ್ಗಗಳ ಶಿಕ್ಷಕರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಕ್ಕಳ ಪುಸ್ತಕಗಳ ಮೂಲಕ ಇತಿಹಾಸವನ್ನೂ ಸಮಾಜ ವಿಜ್ಞಾನವನ್ನೂ ಕಲಿಸುವುದು ಹೇಗೆ ಎಂಬುದನ್ನು ಕುರಿತು ಮಾತನಾಡಬೇಕೆಂದು ಸಮಿತಿಯವರು ನನಗೆ ಹೇಳಿದ್ದಾರೆ. ಈ ಪ್ರಶ್ನೆ ಸುಮ್ಮನೆ ಎದ್ದದ್ದಲ್ಲವೆಂಬುದು ನಿಮಗೆಲ್ಲ ತಿಳಿದಿದೆ. ನಮ್ಮ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಪುಸ್ತಕಗಳಿವೆ, ಓದುಗರಿಲ್ಲ. ಧೂಳು ಹಿಡಿಯುತ್ತಿರುವ ಈ ಪುಸ್ತಕಗಳನ್ನು ಊರಿನ ಕಡೆಯ ಯಾವುದಾದರೊಂದು ಶಾಲೆಗೆ ಕೊಟ್ಟುಬಿಟ್ಟು ಆ ಜಾಗವನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳೋಣವೆಂಬ ಸಲಹೆ ಸಮಿತಿಯ ಮುಂದಿದೆ. ಆ ಸಲಹೆಯನ್ನು ತಂದವರು ಕನ್ನಡದ್ರೋಹಿಗಳಲ್ಲ. ಅವರು ಕಂಡದ್ದನ್ನು ಹೇಳಿದ್ದಾರೆ. ಆದರೆ ಪುಸ್ತಕಗಳನ್ನು ಕಳುಹಿಸುವ ಮುನ್ನ, ನಾವು ಅವುಗಳನ್ನು ಯಾವ ಕೆಲಸಕ್ಕೆಂದು ಇಟ್ಟುಕೊಂಡಿದ್ದೆವು ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಹೊರನಾಡಿನ ಕನ್ನಡ ಮಗುವಿನ ಸ್ಥಿತಿ ವಿಚಿತ್ರವಾದುದು. ಬೆಂಗಳೂರಿನ ಮಗುವಿಗೆ ಶಾಲೆಯ ಇತಿಹಾಸವೂ ಮನೆಯ ಇತಿಹಾಸವೂ ಹೆಚ್ಚು ಕಡಿಮೆ ಒಂದೇ. ನಮ್ಮ ಮಗುವಿಗೆ ಹಾಗಲ್ಲ. ಮಹಾರಾಷ್ಟ್ರದಲ್ಲಿ ಹಲವು ದಶಕಗಳ ಕಾಲ ನಾಲ್ಕನೆಯ ತರಗತಿಯ ಇತಿಹಾಸ ಪಠ್ಯವೆಂದರೆ ಶಿವಾಜಿ ಮಹಾರಾಜರ ಚರಿತ್ರೆಯೇ ಆಗಿತ್ತು; ನಮ್ಮಲ್ಲಿ ಅನೇಕರ ಮಕ್ಕಳು ಅದನ್ನೇ ಓದಿ ಬೆಳೆದರು. ಚೆನ್ನೈಯಲ್ಲಿರುವ ನಮ್ಮ ಬಂಧುಗಳ ಮಕ್ಕಳಿಗೆ ಪಲ್ಲವರೂ ಚೋಳರೂ ಮೊದಲು ಪರಿಚಯವಾಗುತ್ತಾರೆ. ಚಾಲುಕ್ಯರು ಬರುವುದು ಶತ್ರುಗಳ ವೇಷದಲ್ಲಿ. ಇದನ್ನು ಕಂಡು ಮನಸ್ಸಿಗೆ ಕಸಿವಿಸಿಯಾದಾಗ ನಾವು ಮಾಡುವುದೇನು? ಊರಿಗೆ ಹೋದಾಗ ಪುಲಕೇಶಿಯ, ಕೃಷ್ಣದೇವರಾಯನ, ಕಿತ್ತೂರು ಚೆನ್ನಮ್ಮನ ಕಿರುಪುಸ್ತಕಗಳನ್ನು ಕೊಂಡು ತರುತ್ತೇವೆ. 'ಇದು ನಮ್ಮದು, ಓದು' ಎಂದು ಮಗುವಿನ ಕೈಗೆ ಕೊಡುತ್ತೇವೆ. ಅಂದರೆ ಪುಸ್ತಕವನ್ನು ಔಷಧದಂತೆ ಕುಡಿಸುತ್ತೇವೆ. ಔಷಧವನ್ನು ಮಕ್ಕಳು ಮುಖ ಕಿವಿಚಿಕೊಂಡೇ ಕುಡಿಯುವುದು. ಕಪಾಟಿನಲ್ಲಿ ಧೂಳು ಕುಳಿತದ್ದಕ್ಕೆ ಮಕ್ಕಳ ಸೋಮಾರಿತನವಾಗಲಿ, ದೂರದರ್ಶನವಾಗಲಿ, ಕೈಯಲ್ಲಿರುವ ಮೊಬೈಲಾಗಲಿ ಮಾತ್ರ ಕಾರಣವಲ್ಲ.

ನನ್ನ ವಾದ ಸರಳವಾದುದು. ಮಕ್ಕಳ ಪುಸ್ತಕವನ್ನು ಶಾಲೆಯ ಪುಸ್ತಕಕ್ಕೆ ಪ್ರತಿಮದ್ದಾಗಿ ಬಳಸಬಾರದು. ಅದರ ಜೊತೆಗಾರನಾಗಿ ಬಳಸಬೇಕು. ಒಂದೇ ಘಟನೆಯನ್ನು ಎರಡು ಪುಸ್ತಕಗಳಲ್ಲಿ ಓದಿದ ಮಗು ಇತಿಹಾಸವೆಂದರೇನೆಂಬುದನ್ನು ತಿಳಿಯತೊಡಗುತ್ತದೆ. ಒಂದೇ ಪುಸ್ತಕವನ್ನು ಓದಿದ ಮಗುವಿಗೆ ಇಸವಿಗಳು ಮಾತ್ರ ತಿಳಿಯುತ್ತವೆ.

ಕನ್ನಡದಲ್ಲಿ ಈ ಕೆಲಸಕ್ಕೆ ಬಂಡವಾಳವಿಲ್ಲವೆಂದು ಯಾರೂ ಹೇಳಲಾರರು. ಶಾಲಾ ಇನ್‌ಸ್ಪೆಕ್ಟರರಾಗಿದ್ದ ಪಂಜೆ ಮಂಗೇಶರಾಯರು ತುಳುನಾಡಿನ ಪಾಡ್ದನಗಳಲ್ಲಿದ್ದ ಕೋಟಿ ಚೆನ್ನಯರ ಕಥೆಯನ್ನು ಕನ್ನಡ ಗದ್ಯಕ್ಕೆ ತಂದರು. ಶಿವರಾಮ ಕಾರಂತರು 1936ರಲ್ಲಿ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಹೊರತಂದರು. ನಿರಂಜನರ ಸಂಪಾದಕತ್ವದಲ್ಲಿ 'ಜ್ಞಾನಗಂಗೋತ್ರಿ' ಎಂಬ ಕಿರಿಯರ ವಿಶ್ವಕೋಶ ಏಳು ಸಂಪುಟಗಳಲ್ಲಿ ಬಂತು. 1970ರ ದಶಕದಲ್ಲಿ ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು 'ಭಾರತ-ಭಾರತಿ' ಮಾಲೆಯ 510 ಕಿರುಹೊತ್ತಗೆಗಳನ್ನು ಪ್ರಕಟಿಸಿತು. ಜೇಬಿನಲ್ಲಿಟ್ಟುಕೊಂಡು ಓದಬಹುದಾದ ಆ ಪುಸ್ತಕಗಳನ್ನು ಕಾಣದ ಕನ್ನಡ ಮನೆ ಆ ಕಾಲದಲ್ಲಿ ಅಪರೂಪ. ಇನ್ನು 1967ರಲ್ಲಿ ಮುಂಬಯಿಯಿಂದ 'ಅಮರ ಚಿತ್ರಕಥೆ'ಯನ್ನು ಆರಂಭಿಸಿದ ಅನಂತ ಪೈಗಳು ಕಾರ್ಕಳದಲ್ಲಿ ಹುಟ್ಟಿದವರು, ನಮ್ಮಂತೆಯೇ ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡವರು. ರಾಮಾಯಣದ ಸಾಮಾನ್ಯ ಪ್ರಶ್ನೆಗೆ ಉತ್ತರಿಸಲಾರದ ನಮ್ಮ ಮಕ್ಕಳು ಗ್ರೀಕ್ ದೇವತೆಗಳ ಹೆಸರನ್ನು ಥಟ್ಟನೆ ಹೇಳಿದ್ದನ್ನು ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಕಂಡು ಅವರು ಈ ಕೆಲಸಕ್ಕೆ ಕೈಹಾಕಿದರೆಂಬುದು ಪ್ರಸಿದ್ಧವಾದ ಸಂಗತಿ.

ಈ ಎಲ್ಲ ಉಪಕಾರವನ್ನು ಸ್ಮರಿಸುತ್ತಲೇ ಒಂದು ಕೊರತೆಯನ್ನೂ ಹೇಳಬೇಕು. ಇವುಗಳಲ್ಲಿ ಬಹುಪಾಲು ವ್ಯಕ್ತಿಚಿತ್ರಗಳು. ಇತಿಹಾಸವೆಂದರೆ ಮಹಾಪುರುಷರ ಸಾಲು ಎಂಬ ಭಾವನೆ ಅವುಗಳಿಂದ ಬೇರೂರುತ್ತದೆ. ಚಿತ್ರಕಥೆಗಳಲ್ಲಿ ನಾಯಕರು ಬೆಳ್ಳಗೆ, ರಾಕ್ಷಸರು ಕಪ್ಪಗೆ ಇರುವುದನ್ನು ವಿಮರ್ಶಕರು ಹಿಂದಿನಿಂದಲೂ ಎತ್ತಿ ತೋರಿಸಿದ್ದಾರೆ. ಹಾಗೆಂದು ಆ ಪುಸ್ತಕಗಳನ್ನು ದೂರವಿಡಬೇಕಾಗಿಲ್ಲ. 'ಇವನನ್ನು ಚಿತ್ರಕಾರ ಏಕೆ ಕಪ್ಪಾಗಿ ಬರೆದ?' ಎಂದು ಮಗುವನ್ನು ಕೇಳಿದರೆ ಸಾಕು. ಆ ಪುಟವೇ ಸಮಾಜ ವಿಜ್ಞಾನದ ಪಾಠವಾಗುತ್ತದೆ.

ಪ್ರಶ್ನೆ ಕೇಳುವುದನ್ನು ಕಲಿಸುವ ಮಕ್ಕಳ ಪುಸ್ತಕಕ್ಕೆ ನಮ್ಮ ದೇಶದಲ್ಲಿ ಒಂದು ಶ್ರೇಷ್ಠ ಮಾದರಿಯಿದೆ. 1928ರ ಬೇಸಿಗೆಯಲ್ಲಿ ಜವಾಹರಲಾಲ ನೆಹರೂ ಅವರು ಮಸ್ಸೂರಿಯಲ್ಲಿದ್ದ ಹತ್ತು ವರ್ಷದ ಮಗಳಿಗೆ ಬರೆದ ಪತ್ರಗಳು ಮರುವರ್ಷ ಪುಸ್ತಕವಾದವು; ಪ್ರೇಮಚಂದರು ಅವನ್ನು ಹಿಂದಿಗೆ ತಂದರು. ಆ ಪುಸ್ತಕ ಆರಂಭವಾಗುವುದು ರಾಜರಿಂದಲ್ಲ, ಕಲ್ಲಿನಿಂದ. ಹೊಳೆಯ ದಂಡೆಯ ಒಂದು ಬೆಣಚುಕಲ್ಲು ದುಂಡಗೆ, ನುಣ್ಣಗೆ ಆದದ್ದು ಹೇಗೆಂದು ಓದಲು ಬಂದರೆ ಭೂಮಿಯ ಚರಿತ್ರೆಯನ್ನೇ ಓದಲು ಬಂದಂತೆ ಎಂಬ ಭಾವ ಅಲ್ಲಿದೆ. ಇಂದು ನಮಗೆ ಆ ಪತ್ರಗಳ ಕೆಲವು ವಿವರಗಳು ಹಳತಾಗಿ ಕಾಣಬಹುದು. ಕಲ್ಲನ್ನು ಓದಬೇಕೆಂಬ ಪಾಠ ಹಳತಾಗಿಲ್ಲ. ಇತಿಹಾಸದ ಕಥೆಯನ್ನು ಕೇಳಿದ ಮಗುವಿಗೆ 'ಇದು ನಮಗೆ ಹೇಗೆ ತಿಳಿಯಿತು?' ಎಂಬ ಪ್ರಶ್ನೆ ಹುಟ್ಟಬೇಕು. ಆ ಪ್ರಶ್ನೆಯನ್ನು ಹುಟ್ಟಿಸದ ಪುಸ್ತಕ ಎಷ್ಟೇ ಅಂದವಾಗಿದ್ದರೂ ಅರ್ಧ ಪುಸ್ತಕ.

ಈಗ, ಪುಣೆಯಲ್ಲಿ ಕುಳಿತ ನಮಗೆ ತೀರ ಹತ್ತಿರದ ಒಂದು ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ: ಬೆಳವಡಿ ಮಲ್ಲಮ್ಮನದು. ಬೆಳವಡಿ ಇಂದಿನ ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ಕಡೆಯ ಊರು. ಶಿವಾಜಿ ಮಹಾರಾಜರು ದಕ್ಷಿಣದ ದಂಡಯಾತ್ರೆಯನ್ನು ಮುಗಿಸಿಕೊಂಡು ಹಿಂದಿರುಗುವಾಗ, 1678ರಲ್ಲಿ, ಆ ಸಣ್ಣ ಸಂಸ್ಥಾನದೊಡನೆ ಕಾಳಗವಾಯಿತು. ಕನ್ನಡ ಪರಂಪರೆ ಹೇಳುವಂತೆ, ಮರಾಠಾ ಸೈನಿಕರು ಊರಿನ ದನಗಳನ್ನು ಬಲಾತ್ಕಾರವಾಗಿ ಹೊಡೆದುಕೊಂಡು ಹೋದದ್ದು ಜಗಳಕ್ಕೆ ಮೂಲ. ಒಡೆಯ ಈಶಪ್ರಭು ಮಡಿದ ಮೇಲೆ ರಾಣಿ ಮಲ್ಲಮ್ಮ ಹೋರಾಟವನ್ನು ಮುಂದುವರಿಸಿದಳು. ಮರಾಠಾ ಇತಿಹಾಸವನ್ನು ಬರೆದ ಜದುನಾಥ ಸರ್ಕಾರರಲ್ಲಿ ಕಾಣುವ ಕಥೆಯಲ್ಲಿ, ದಂಡಿನ ಸಾಮಾನು ಹೊರುವ ಎತ್ತುಗಳನ್ನು ಅಪಹರಿಸಿದವರು ಬೆಳವಡಿಯವರು. ಎದುರಿಸಿ ನಿಂತ ಹೆಂಗಸಿನ ಹೆಸರು ಸಾವಿತ್ರಿಬಾಯಿ, ಅವಳ ಪತಿ ಯೇಸಾಜಿ ಪ್ರಭು.

ನೋಡಿ, ಎರಡೂ ಕಡೆ ಜಾನುವಾರುಗಳಿವೆ. ಕದ್ದವರು ಮಾತ್ರ ಅದಲುಬದಲಾಗಿದ್ದಾರೆ! ಹೆಸರು ಬೇರೆಯಾಗಿದೆ. ಆದರೆ ಎರಡೂ ಕಡೆ ಒಬ್ಬ ಹೆಂಗಸು ಮಹಾರಾಜರ ಸೈನ್ಯವನ್ನು 27 ದಿನಗಳ ಕಾಲ ತಡೆದು ನಿಲ್ಲಿಸಿದಳೆಂಬುದು ಉಳಿದಿದೆ. ಮೂರನೆಯ ಸಾಕ್ಷಿಯೂ ಇದೆ. ರಾಜಾಪುರದಲ್ಲಿದ್ದ ಇಂಗ್ಲಿಷ್ ಕಂಪನಿಯವರು ಅದೇ ವರ್ಷ ಬರೆದ ಕಾಗದವೊಂದರಲ್ಲಿ, ಇಷ್ಟು ರಾಜ್ಯಗಳನ್ನು ಗೆದ್ದವರಿಗೆ ಈ ದೇಸಾಯಿತಿಯನ್ನು ಮಣಿಸಲಾಗುತ್ತಿಲ್ಲವೆಂದು ಬೆರಗಾಗಿದ್ದಾರೆ. ಅವರು ವ್ಯಾಪಾರಿಗಳು, ಅವರಿಗೂ ತಮ್ಮ ಲಾಭನಷ್ಟಗಳ ಲೆಕ್ಕವಿತ್ತು. ನಾಲ್ಕನೆಯದು ಕಲ್ಲು. ಧಾರವಾಡದ ಬಳಿಯ ಯಾದವಾಡದಲ್ಲಿ ಒಂದು ಶಿಲ್ಪವಿದೆ: ಕುಳಿತ ವೀರ, ಅವನ ತೊಡೆಯ ಮೇಲೆ ಮಗು, ಬಳಿಯಲ್ಲಿ ಸ್ತ್ರೀ. ಆ ವೀರ ಶಿವಾಜಿ, ಆ ಮಗು ಮಲ್ಲಮ್ಮನದು, ಸೋತ ರಾಣಿಯನ್ನು ಮಹಾರಾಜರು ಗೌರವದಿಂದ ಕಂಡು ರಾಜ್ಯವನ್ನು ಹಿಂದಿರುಗಿಸಿದರು ಎಂದು ಪರಂಪರೆ ಹೇಳುತ್ತದೆ.

ಈ ನಾಲ್ಕನ್ನು ಒಂದು ಭಾನುವಾರ ಮಕ್ಕಳ ಮುಂದೆ ಇಡಿ. 'ಯಾರು ಸರಿ?' ಎಂದು ಮೊದಲೇ ಕೇಳಬೇಡಿ. 'ಯಾರು ಹೇಳುತ್ತಿದ್ದಾರೆ? ಯಾವಾಗ ಹೇಳಿದರು? ಯಾರಿಗಾಗಿ ಹೇಳಿದರು?' ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಎಲ್ಲರೂ ಒಪ್ಪುವುದು ಯಾವುದು, ಒಪ್ಪದೆ ಇರುವುದು ಯಾವುದು ಎಂದು ಎರಡು ಪಟ್ಟಿಗಳನ್ನು ಮಾಡಿಸಿ. ಹನ್ನೊಂದು ವರ್ಷದ ಮಗು ಇಷ್ಟನ್ನು ಖಂಡಿತ ಮಾಡಬಲ್ಲದು. ಆಮೇಲೆ ಭೂಪಟವನ್ನು ತೆಗೆದು, ಶಿವಾಜಿ ಬಾಲ್ಯದ ಕೆಲಕಾಲವನ್ನು ತಂದೆಯ ಬಳಿ ಬೆಂಗಳೂರಿನಲ್ಲಿ ಕಳೆದರೆಂಬುದನ್ನೂ, ಆ ತಂದೆ ಶಹಾಜಿ 1664ರಲ್ಲಿ ಮರಣ ಹೊಂದಿದ್ದು ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ, ಅವರ ಸಮಾಧಿ ಇಂದಿಗೂ ಅಲ್ಲಿದೆಯೆಂಬುದನ್ನೂ ತೋರಿಸಿ. ನಮ್ಮ ಮಗುವಿಗೆ ಆಗ ತಿಳಿಯುವುದೇನು? ತನ್ನ ಶಾಲೆಯ ವೀರನೂ ತನ್ನ ಮನೆಯ ವೀರರಾಣಿಯೂ ಒಂದೇ ನೆಲದ ಮೇಲೆ ಓಡಾಡಿದವರು. ಒಬ್ಬರನ್ನು ಗೌರವಿಸಲು ಇನ್ನೊಬ್ಬರನ್ನು ಅಲ್ಲಗಳೆಯಬೇಕಾಗಿಲ್ಲ.

ಗಡಿಯ ಹೆಸರಿನಲ್ಲಿ ಬಸ್ಸುಗಳಿಗೆ ಮಸಿ ಬಳಿಯುವ ದಿನಗಳನ್ನು ಎರಡೂ ರಾಜ್ಯಗಳಲ್ಲಿ ನಾವು ಕಂಡಿದ್ದೇವೆ. ಅಂಥ ದಿನಗಳಲ್ಲಿ ತರಗತಿಯಲ್ಲಿ ಕುಳಿತ ಕನ್ನಡ ಮಗುವಿನ ಎದೆ ಹೇಗೆ ಹೊಡೆದುಕೊಳ್ಳುತ್ತದೆಂಬುದನ್ನು ಇಲ್ಲಿರುವ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಆ ಮಗುವಿನ ಕೈಗೆ ನಾವು ಇನ್ನೊಂದು ಮಸಿಯ ಡಬ್ಬಿಯನ್ನು ಕೊಡುತ್ತೇವೆಯೋ, ಎರಡು ಪುಸ್ತಕಗಳನ್ನು ಕೊಡುತ್ತೇವೆಯೋ?

ಚೆನ್ನೈಯ ಬಂಧುಗಳಿಗೂ ಇಂಥದೇ ಒಂದು ಪಾಠ ಸಿದ್ಧವಾಗಿದೆ. ಕಲ್ಕಿಯವರು 1940ರ ದಶಕದಲ್ಲಿ ಬರೆದ 'ಶಿವಗಾಮಿಯಿನ್ ಶಪಥಂ' ಕಾದಂಬರಿಯನ್ನು ತಮಿಳು ಮನೆಗಳಲ್ಲಿ ಎಳೆಯರೂ ಓದುತ್ತಾರೆ. ಅಲ್ಲಿ ನಮ್ಮ ಇಮ್ಮಡಿ ಪುಲಕೇಶಿ ನಾಯಕನಲ್ಲ, ಪ್ರತಿನಾಯಕ. ಕೋಪಗೊಳ್ಳುವ ಮೊದಲು ಶಾಸನಗಳನ್ನು ನೋಡೋಣ. 634ರ ಐಹೊಳೆಯ ಶಾಸನದಲ್ಲಿ ಕವಿ ರವಿಕೀರ್ತಿ, ಪಲ್ಲವ ದೊರೆ ಕಂಚಿಯ ಕೋಟೆಯ ಹಿಂದೆ ಅಡಗಬೇಕಾಯಿತೆಂದು ಹೊಗಳುತ್ತಾನೆ. ಪಲ್ಲವರ ಕೂರಂ ತಾಮ್ರಪಟ, ಓಡುತ್ತಿದ್ದ ಪುಲಕೇಶಿಯ ಬೆನ್ನಿನ ಮೇಲೆ ನರಸಿಂಹವರ್ಮ 'ವಿಜಯ' ಎಂಬ ಅಕ್ಷರಗಳನ್ನು ಬರೆದನೆಂದು ಹೊಗಳುತ್ತದೆ. ಇಬ್ಬರೂ ತಮ್ಮ ತಮ್ಮ ಒಡೆಯರ ಅನ್ನ ಉಂಡವರು! 642ರಲ್ಲಿ ಬಾದಾಮಿ ಪಲ್ಲವರ ವಶವಾಯಿತು. ಸುಮಾರು ನೂರು ವರ್ಷಗಳ ಬಳಿಕ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಅಲ್ಲಿನ ಕೈಲಾಸನಾಥ ದೇವಾಲಯದ ಕಂಬವೊಂದರ ಮೇಲೆ ಅವನ ಕನ್ನಡ ಶಾಸನ ಇಂದಿಗೂ ಇದೆ: ದೇವಾಲಯದ ಸಂಪತ್ತನ್ನು ಕಂಡು ಅದನ್ನು ದೇವರಿಗೇ ಮರಳಿ ಬಿಟ್ಟನೆಂದು ಅದು ಹೇಳುತ್ತದೆ. ಆ ವಿಜಯದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ದೇವಾಲಯದಲ್ಲಿ ಕಂಚಿಯ ಶಿಲ್ಪಶೈಲಿಯ ಛಾಯೆಯಿದೆ. ಗೆದ್ದವರು ಸೋತವರ ಕಲೆಯಿಂದ ಕಲಿತರು. ಚೆನ್ನೈಯಿಂದ ಕಂಚಿಗೆ ಒಂದು ದಿನದ ಪ್ರವಾಸ ಸಾಕು. ಒಂದು ಕೈಯಲ್ಲಿ ತಮಿಳು ಪುಸ್ತಕ, ಇನ್ನೊಂದು ಕೈಯಲ್ಲಿ ಕನ್ನಡ ಪುಸ್ತಕ, ಎದುರಿಗೆ ಕಂಬ. ಕಾದಂಬರಿಯಲ್ಲಿ ಕಲ್ಪನೆ ಎಷ್ಟು, ಆಧಾರವೆಷ್ಟು ಎಂದು ಅಲ್ಲೇ ನಿಂತು ಮಕ್ಕಳು ವಿಂಗಡಿಸಲಿ.

ಬಂಧುಗಳೆ, ಇಷ್ಟು ಹೊತ್ತು ನಾನೂ ರಾಜರಾಣಿಯರ ಮಾತನ್ನೇ ಆಡಿದೆ. ಸಮಾಜ ವಿಜ್ಞಾನ ಅಲ್ಲಿಗೆ ನಿಲ್ಲುವುದಿಲ್ಲ. ಯುದ್ಧವೆಂದರೇನೆಂದು ಮಗುವಿಗೆ ತಿಳಿಯಬೇಕಾದರೆ ಸೈನ್ಯಗಳ ಸಂಖ್ಯೆಯನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಜಪಾನಿನ ತೆತ್ಸುಕೊ ಕುರೋಯಾನಗಿ 1981ರಲ್ಲಿ ಬರೆದ 'ತೊತ್ತೊಚಾನ್' ಕನ್ನಡದಲ್ಲೂ ಓದಲು ಸಿಗುತ್ತದೆ. ಅದರಲ್ಲಿ ಯುದ್ಧ ಬರುವುದು ತೋಪುಗಳ ಸದ್ದಿನೊಡನೆ ಅಲ್ಲ. ನಿಲ್ದಾಣದ ಬಳಿ ಕಾಸು ಹಾಕಿದರೆ ಮಿಠಾಯಿ ಕೊಡಬೇಕಾದ ಯಂತ್ರ ಬರಿದಾಗಿರುವುದರೊಂದಿಗೆ. ರೈಲುಡಬ್ಬಿಗಳಲ್ಲಿ ನಡೆಯುತ್ತಿದ್ದ ಆ ಮಕ್ಕಳ ಶಾಲೆ 1945ರ ಬಾಂಬುದಾಳಿಯಲ್ಲಿ ಉರಿದುಹೋಗುವ ಹೊತ್ತಿಗೆ ಓದುವ ಮಗು ಯುದ್ಧವನ್ನು ಅರಿತಿರುತ್ತದೆ.

ಜಾತಿಯೆಂದರೇನೆಂದು ತಿಳಿಯಲು ನಮಗೆ ಜಪಾನಿನವರೆಗೆ ಹೋಗಬೇಕಾಗಿಲ್ಲ. ಇಲ್ಲಿಂದ ಸಾತಾರಾಕ್ಕೆ ಹೋದರೆ ಸಾಕು. 1901ರಲ್ಲಿ ಹತ್ತು ವರ್ಷದ ಭೀಮರಾವ್ ಅಂಬೇಡ್ಕರ್, ಅಣ್ಣನೊಡನೆ, ಬೇರೆ ಊರಿನಲ್ಲಿ ನೌಕರಿಯಲ್ಲಿದ್ದ ತಂದೆಯನ್ನು ಕಾಣಲೆಂದು ಹೊಸ ಬಟ್ಟೆ ತೊಟ್ಟು ರೈಲು ಹತ್ತಿದ. ಮಸೂರು ನಿಲ್ದಾಣದಲ್ಲಿ ಜಾತಿ ಯಾವುದೆಂದು ತಿಳಿದೊಡನೆ ಸ್ಟೇಷನ್ ಮಾಸ್ತರ ಹಿಂದೆ ಸರಿದ. ಗಾಡಿಯವರು ಒಪ್ಪಲಿಲ್ಲ, ಕಡೆಗೆ ಒಬ್ಬ ಇಮ್ಮಡಿ ಬಾಡಿಗೆಗೆ ಒಪ್ಪಿದ, ಆದರೆ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುವೆನೆಂದ. ಬುತ್ತಿಯಿತ್ತು; ಕುಡಿಯಲು ನೀರು ಕೊಡುವವರಿರಲಿಲ್ಲ. ಇದನ್ನು ಅಂಬೇಡ್ಕರರೇ ಮುಂದೆ ಬರೆದಿಟ್ಟಿದ್ದಾರೆ. 2011ರಲ್ಲಿ ಇಂಗ್ಲಿಷಿನಲ್ಲಿ ಬಂದ 'ಭೀಮಾಯಣ' ಎಂಬ ಚಿತ್ರಪುಸ್ತಕದಲ್ಲಿ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಎಂಬ ಗೊಂಡ ಕಲಾವಿದರು ಈ ಪ್ರಸಂಗವನ್ನು ತಮ್ಮ ಶೈಲಿಯಲ್ಲಿ ಚಿತ್ರಿಸಿದ್ದಾರೆ. ಅದರಲ್ಲಿ ಕಟು ಮಾತುಗಳಿಗೆ ಚೇಳಿನ ಬಾಲವಿದೆ, ಮೃದು ಮಾತುಗಳು ಹಕ್ಕಿಯ ಆಕಾರದಲ್ಲಿವೆ. ಓದಲು ಬಾರದ ಮಗುವಿಗೂ ಯಾವ ಮಾತು ಕುಟುಕಿತೆಂದು ಕಾಣುತ್ತದೆ. ನಾಗರಿಕಶಾಸ್ತ್ರದ ಪುಸ್ತಕದಲ್ಲಿ 'ಅಸ್ಪೃಶ್ಯತೆ ಅಪರಾಧ' ಎಂಬ ಒಂದು ವಾಕ್ಯವನ್ನು ಓದಿದ ಮಗುವಿಗೂ, ಈ ಬಾಯಾರಿದ ಹುಡುಗನೊಡನೆ ಗಾಡಿಯಲ್ಲಿ ಕುಳಿತು ಬಂದ ಮಗುವಿಗೂ ಇರುವ ಅಂತರವನ್ನು ಯೋಚಿಸಿ. ಸಂವಿಧಾನದ 17ನೆಯ ವಿಧಿ ಏಕೆ ಬೇಕಾಯಿತೆಂದು ಎರಡನೆಯ ಮಗು ತಾನೇ ಹೇಳುತ್ತದೆ.

ಪಂಜೆಯವರ ಕೋಟಿ ಚೆನ್ನಯರನ್ನೂ ಹೀಗೆಯೇ ಓದಬಹುದು. ಮುಂಬಯಿಯ ತುಳು ಮನೆಗಳ ಅಜ್ಜಿಯಂದಿರಲ್ಲಿ ಇಂದಿಗೂ ಪಾಡ್ದನ ಬಲ್ಲವರು ಇರಬಹುದು. ಪುಸ್ತಕವನ್ನು ಓದಿದ ಮಗು ಅಜ್ಜಿಯ ಹಾಡನ್ನು ಕೇಳಲಿ. ಎಲ್ಲಿ ಕಥೆ ಬೇರೆಯಾಯಿತೆಂದು ಗುರುತು ಹಾಕಿಕೊಳ್ಳಲಿ. ಬರೆದದ್ದು ಮಾತ್ರ ಇತಿಹಾಸವಲ್ಲ, ನಾಟಿ ಮಾಡುವ ಗದ್ದೆಯಲ್ಲಿ ಹಾಡಿದ್ದೂ ಇತಿಹಾಸದ ಆಧಾರವೇ ಎಂಬುದು ಹೀಗೆ ತಿಳಿಯುತ್ತದೆ.

'ನಮ್ಮ ಮಕ್ಕಳಿಗೆ ಕನ್ನಡ ಓದಲೇ ಬಾರದಲ್ಲ' ಎಂದು ನೀವು ಕೇಳಬಹುದು. ನಿಜ. ಆದುದರಿಂದ ಮೊದಲ ವರ್ಷ ಓದುವವರು ನಾವಾಗಬೇಕು, ಕೇಳುವವರು ಅವರಾಗಬೇಕು. ನ್ಯಾಷನಲ್ ಬುಕ್ ಟ್ರಸ್ಟ್ ತನ್ನ ಮಕ್ಕಳ ಪುಸ್ತಕಗಳನ್ನು ಹಲವು ಭಾರತೀಯ ಭಾಷೆಗಳಲ್ಲಿ ಪ್ರಕಟಿಸುತ್ತ ಬಂದಿದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಮೂಲಕ ಒಂದೇ ಕಥೆಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬೆಲೆ ಕೊಡದೆ ಪಡೆಯಬಹುದು. ಶಾಲೆಯ ಲಿಪಿಯಲ್ಲಿ ಒಮ್ಮೆ, ಮನೆಯ ಲಿಪಿಯಲ್ಲಿ ಒಮ್ಮೆ ಓದಿದ ಕಥೆ ಮಗುವಿಗೆ ಹೊರೆಯಾಗುವುದಿಲ್ಲ.

ಆದರೆ ನಮ್ಮ ಕಪಾಟಿನಲ್ಲಿ ಇಲ್ಲದ ಒಂದು ಪುಸ್ತಕವಿದೆ. ಅದು ನಮ್ಮದೇ ಚರಿತ್ರೆ. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹುಡುಗರ ಕಥೆಯನ್ನು ಹತ್ತು ವರ್ಷದ ಮಗು ಓದುವಂತೆ ಬರೆದ ಪುಸ್ತಕ ನಮ್ಮ ಸಂಘದಲ್ಲಿಲ್ಲ. 1956ರ ನವೆಂಬರ್ 1ರಂದು ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದವು. ಅಂದು ಸೋಲಾಪುರದಲ್ಲೋ ಪುಣೆಯಲ್ಲೋ ಇದ್ದ ಕನ್ನಡಿಗರು ನಿಂತಲ್ಲೇ ಹೊರನಾಡಿಗರಾದರು. ಅವರು ಊರು ಬಿಡಲಿಲ್ಲ. ಗೆರೆ ಅವರನ್ನು ದಾಟಿಹೋಯಿತು. ಇದನ್ನು ಯಾವ ರಾಜ್ಯದ ಪಠ್ಯಪುಸ್ತಕವೂ ನಮಗಾಗಿ ಬರೆದುಕೊಡುವುದಿಲ್ಲ. ಅದು ಆ ಪುಸ್ತಕಗಳ ಕೆಲಸವೂ ಅಲ್ಲ.

ಆದುದರಿಂದ ಸಮಿತಿಯ ಮುಂದೆ ನಾನು ಮೂರು ಸೂಚನೆಗಳನ್ನು ಇಡುತ್ತೇನೆ. ಮೊದಲನೆಯದು, ಮಕ್ಕಳ ಪುಸ್ತಕಗಳನ್ನು ಎಲ್ಲಿಗೂ ಕಳುಹಿಸಬಾರದು. ಅವುಗಳ ಪಕ್ಕದಲ್ಲಿ ಅದೇ ವಿಷಯದ ಮರಾಠಿ ಪುಸ್ತಕಗಳನ್ನು ತಂದಿಡಬೇಕು. ಎರಡನೆಯದು, ತಿಂಗಳಿಗೊಂದು ಭಾನುವಾರ 'ಒಂದು ಘಟನೆ, ಎರಡು ಪುಸ್ತಕ' ಎಂಬ ಓದು ನಡೆಯಬೇಕು. ನೆರೆಯ ಮರಾಠಿ ಮಕ್ಕಳನ್ನೂ ಕರೆಯಬೇಕು. ಅವರಿಲ್ಲದೆ ಆ ಓದು ಅರ್ಧವಾಗುತ್ತದೆ. ಮೂರನೆಯದು, ನಮ್ಮ ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಒಂದು ಪುಸ್ತಕ ಮಾಡಬೇಕು. ಪ್ರತಿ ಮನೆಯಿಂದ ಒಂದು ಆಧಾರ ಬರಲಿ: ಹಳೆಯ ರೇಷನ್ ಕಾರ್ಡು, ಊರಿನಿಂದ ಬಂದ ಅಂಚೆಕಾರ್ಡು, ರಾತ್ರಿಶಾಲೆಯ ಅಂಕಪಟ್ಟಿ, ಒಂದು ಮಾಸಿದ ಭಾವಚಿತ್ರ. ಪ್ರತಿಯೊಂದರ ಕೆಳಗೆ, ಇದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಮಕ್ಕಳು ಎರಡು ಸಾಲು ಬರೆಯಲಿ. ತಪ್ಪುಗಳಿದ್ದರೆ ಇರಲಿ, ಅಚ್ಚಿನ ಖರ್ಚನ್ನು ದೊಡ್ಡವರು ನೋಡಿಕೊಳ್ಳೋಣ.

ಈ ಕೆಲಸಕ್ಕೆ ಹೆಚ್ಚು ಕಾಲ ಉಳಿದಿಲ್ಲ. ಕಪಾಟಿನ ಪುಸ್ತಕಗಳು ಇನ್ನೂ ಹತ್ತು ವರ್ಷ ಕಾಯಬಲ್ಲವು. 1956ನ್ನು ಕಣ್ಣಾರೆ ಕಂಡ ಹಿರಿಯರು ಕಾಯಲಾರರು. ಅವರಲ್ಲಿ ಕೆಲವರು ಇಂದು ಈ ಸಭೆಯ ಮೊದಲ ಸಾಲಿನಲ್ಲೇ ಕುಳಿತಿದ್ದಾರೆ. ಮುಂದಿನ ಭಾನುವಾರ ಯಾವ ಮಗು ಯಾರ ಮನೆಗೆ ಹೋಗಿ ಕೇಳಬೇಕೆಂಬುದನ್ನು ಇಲ್ಲಿಂದ ಏಳುವ ಮೊದಲೇ ಬರೆದುಕೊಳ್ಳೋಣ.